ಮನೆಮಂದಿಯ ಇಂಗ್ಲಿಷ್: ಸಂಬಂಧದ ಚೀಟಿ ಮುಗಿದವು, ಈಗ ‘ಯಾರದು’ ಕಟ್ಟು

ಚಿಕ್ಕಬಳ್ಳಾಪುರದ ಮಾತುಕಲಿಕೆ ಗುಂಪಿಗೆ ಇಂಗ್ಲಿಷ್ ಅಭ್ಯಾಸಕ್ಕೆಂದು ಮಾಡುತ್ತಿರುವ ಚೀಟಿಗಳಲ್ಲಿ ಮೊದಲ ಕಟ್ಟು ತಯಾರಾಗಿದೆ. ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಮೂವರೂ ಅಂಕಲ್. ಭಾವ, ಮೈದುನ ಇಬ್ಬರೂ ಬ್ರದರ್ ಇನ್ ಲಾ. ಇಷ್ಟು ಒಂದೇ ಕೂರಿಕೆಯಲ್ಲಿ ಬಂದುಬಿಡುತ್ತದೆ. ತಡವರಿಸುವುದು ಅತ್ತೆ, ಸೊಸೆಯರಲ್ಲಿ. ಅಪ್ಪನ ತಂಗಿಯಾದರೆ ಆಂಟ್, ಗಂಡನ ತಾಯಿಯಾದರೆ ಮದರ್ ಇನ್ ಲಾ. ಸೊಸೆ ನೀಸ್ ಆಗಬಹುದು, ಡಾಟರ್ ಇನ್ ಲಾ ಆಗಬಹುದು. ಸೋದರಿಕೆಯಲ್ಲೇ ಹೆಣ್ಣು ತಂದ ಮನೆಗಳಲ್ಲಿ ಒಬ್ಬಳೇ ಎರಡೂ! ಅದಕ್ಕೇ ಚೀಟಿಯ ಮೇಲೆ ಕನ್ನಡ ಪದ ಬರೆಯದೆ ವಂಶವೃಕ್ಷದ ಗೆರೆ ಎಳೆದಿದೆ. ಕಸಿನ್ ಬ್ರದರ್ ನಮ್ಮ ಕಡೆ ನಡೆಯುತ್ತದೆ, ಬರವಣಿಗೆಗೆ ಬರೀ ಕಸಿನ್ ಸಾಕು.

ಎರಡನೇ ಕಟ್ಟು ‘ಯಾರದು’, ಅಂದರೆ ಅಪಾಸ್ಟ್ರಫಿ (ಅಕ್ಷರದ ಮೇಲ್ತುದಿಯಲ್ಲಿ ಹಾಕುವ ' ಚಿಹ್ನೆ) ಮತ್ತು ಎಸ್. ‘ಮೈ ಫಾದರ್ ನೇಮ್’ ಎಂದು ಎಸ್ ನುಂಗುವ ಚಟ ಎಲ್ಲರಿಗೂ ಇದೆ. ಕನ್ನಡ ವಾಕ್ಯದಲ್ಲಿ ‘ಅಪ್ಪನ’ದ ನ ಕೆಂಪು ಶಾಯಿಯಲ್ಲಿ, ಇಂಗ್ಲಿಷಿನ ಎಸ್ ಕೂಡ ಅದೇ ಕೆಂಪಿನಲ್ಲಿ ಬರೆದರೆ ಬೇಗ ಸರಿಹೋಗುತ್ತದೆ. ಶಿಡ್ಲಘಟ್ಟದ ಹಿಪ್ಪುನೇರಳೆ ತೋಟ ಒಬ್ಬ ಚಿಕ್ಕಪ್ಪನದಾದರೆ ಚಿಹ್ನೆ ಎಸ್‌ಗೆ ಮೊದಲು, ಇಬ್ಬರದಾದರೆ ಎಸ್ ಆದಮೇಲೆ. ಉಚ್ಚಾರಣೆ ಎರಡಕ್ಕೂ ಒಂದೇ, ಹಾಗಾಗಿ ಉಕ್ತಲೇಖನ ಕೊಡುವವರು ತೋಟ ಎಷ್ಟು ಜನರದು ಎಂದು ಮೊದಲೇ ಹೇಳಬೇಕು. ಚಿಲ್ಡ್ರನ್ ಆಗಲೇ ಬಹುವಚನ. ಅದಕ್ಕೆ ಚಿಹ್ನೆ ಮೊದಲು, ಎಸ್ ನಂತರ.

‘ನನಗೆ ಇಬ್ಬರು ಅಕ್ಕಂದಿರಿದ್ದಾರೆ’ ಎಂಬಲ್ಲಿ ‘ಗೆ’ ಕಂಡ ಕೂಡಲೇ ‘ಟು ಮಿ’ ಹೊರಬೀಳುತ್ತದೆ. ‘ಗೆ’ ಜೊತೆ ‘ಇದೆ, ಇದ್ದಾರೆ’ ಬಂದರೆ ಐ ಹ್ಯಾವ್ ಎಂದೇ ರೂಢಿ ಮಾಡಿಸಬೇಕು. ಐ ಆಮ್ ಹ್ಯಾವಿಂಗ್ ಬೇಡ. ಹೀ, ಶೀ ಬಂದರೆ ಹ್ಯಾಸ್. ಇಲ್ಲ ಎನ್ನುವಾಗ ಡಸಂಟ್ ಹ್ಯಾವ್, ಅಲ್ಲಿ ಹ್ಯಾಸ್ ಉಳಿಯುವುದಿಲ್ಲ.

ನಿಜವಾದ ತೊಡಕು ಬೇರೆಯೇ, ಅದು ನಮ್ಮ ಮರ್ಯಾದೆ. ‘ಮೇಷ್ಟ್ರಿಗೆ ಒಬ್ಬಳು ಮಗಳು, ಅವರ ಮಗಳು ಡಾಕ್ಟರ್’ ಎಂಬುದು ‘ದೇರ್ ಡಾಟರ್’ ಆಗಿಬಿಡುತ್ತದೆ, ಕೇಳಿದವರು ಮೇಷ್ಟ್ರ ಹೆಂಡತಿಯನ್ನೂ ಸೇರಿಸಿಕೊಳ್ಳುತ್ತಾರೆ. ಹಿಸ್ ಅಂದರೆ ಏಕವಚನದಲ್ಲಿ ಕರೆದಂತಾಯಿತಲ್ಲ ಎಂಬ ಅಳುಕು ವಯಸ್ಸಾದವರಲ್ಲಿ ಜಾಸ್ತಿ. ಬಾಗೇಪಲ್ಲಿ ಕಡೆಯ ತೆಲುಗು ಮನೆಮಾತಿನವರಿಗೆ ಇಲ್ಲಿ ಒಂದು ಅನುಕೂಲ: ‘ಆಯನ’ದಲ್ಲಿ ಮರ್ಯಾದೆಯೂ ಇದೆ, ಗಂಡಸೆಂಬುದೂ ಗೊತ್ತಾಗುತ್ತದೆ. ಕನ್ನಡದವರು ‘ಅವರ’ ಎಂದಾಗಲೆಲ್ಲ ಎರಡು ಪ್ರಶ್ನೆ ಕೇಳಿಕೊಳ್ಳಬೇಕು: ಒಬ್ಬರೋ, ಹಲವರೋ? ಒಬ್ಬರೇ ಆದರೆ ಗಂಡೋ, ಹೆಣ್ಣೋ? ಹಲವರಾದರೆ ಮಾತ್ರ ದೇರ್. ಈ ಚೀಟಿಗಳನ್ನು ಉಳಿದವಕ್ಕಿಂತ ದುಪ್ಪಟ್ಟು ಮಾಡುವುದು ಒಳ್ಳೆಯದು, ಬಣ್ಣವೂ ಬೇರೆ ಇರಲಿ.

‘ನಮ್ಮಪ್ಪ’ ಇಂಗ್ಲಿಷಿನಲ್ಲಿ ‘ಅವರ್ ಫಾದರ್’ ಆಗುವುದೂ ಇದೇ ಜಾತಿಯ ತಪ್ಪು. ಅಣ್ಣತಮ್ಮಂದಿರು ಒಟ್ಟಿಗೆ ಹೇಳುತ್ತಿದ್ದರೆ ಸರಿ, ಒಬ್ಬರೇ ಹೇಳುವಾಗ ಮೈ. ಇದರ ಚೀಟಿ ಇನ್ನೂ ಬರೆಯಬೇಕಿದೆ. ಅಪಾಸ್ಟ್ರಫಿ ಇರುವ ಇಟ್ಸ್ (‘ಇಟ್ ಈಸ್’ನ ಮೊಟಕು) ಮತ್ತು ಇಲ್ಲದ ಇಟ್ಸ್ (‘ಅದರ’) ಮೂರನೇ ಕಟ್ಟಿಗೆ. ಎರಡನ್ನೂ ಈಗಲೇ ತಂದರೆ ಅಂಕಲ್‌ನ ಚಿಹ್ನೆಯೂ ಕಲಸಿಹೋಗುತ್ತದೆ.