ಉಗ್ರಾಣದಲ್ಲಿ ಒಂದು ಮೇಜು

ಮೈಸೂರಿನ ಸರಸ್ವತಿಪುರಂನ ನಮ್ಮ ಮನೆಯಲ್ಲಿ ಅಡುಗೆಮನೆ ಪಕ್ಕಕ್ಕೇ ಒಂದು ಉಗ್ರಾಣ ಇದೆ. 8 ಅಡಿ ಅಗಲ, 9 ಅಡಿ ಉದ್ದ. ಕೆಂಪು ಗಾರೆ ನೆಲ, ಎರಡು ಗೋಡೆಗೆ ಕಡಪ ಕಲ್ಲಿನ ಶೆಲ್ಫು, ಉತ್ತರಕ್ಕೆ ಒಂದೇ ಒಂದು ಕಿಟಕಿ. ನಾನು ಮದುವೆಯಾಗಿ ಬಂದಾಗ ಅಲ್ಲಿ ರಾಗಿ, ಅಕ್ಕಿ, ಹುಣಸೆಹಣ್ಣಿನ ಜಾಡಿ, ಹಬ್ಬಕ್ಕೆ ಮಾತ್ರ ಇಳಿಸುವ ದೊಡ್ಡ ಪಾತ್ರೆಗಳು ಇದ್ದವು. ಈಗ ಅಲ್ಲಿ ನನ್ನ ಮೇಜು ಇದೆ. ಮಳೆ ಬಂದ ದಿನ ಇವತ್ತಿಗೂ ಆ ಕೋಣೆಯಲ್ಲಿ ಹುಣಸೆಹಣ್ಣಿನ ವಾಸನೆ ಏಳುತ್ತದೆ. ನನಗೆ ಅದು ಇಷ್ಟ.

ನಾನು ಪುಸ್ತಕಗಳ ಕರಡು ತಿದ್ದುತ್ತೇನೆ. 2020ರ ಮಾರ್ಚ್‌ವರೆಗೆ ಪ್ರೆಸ್ಸಿಗೇ ಹೋಗಿ, ಕಾಗದದ ಮೇಲೆ ಕೆಂಪು ಪೆನ್ನಿನಲ್ಲಿ ತಿದ್ದಿ ಬರುತ್ತಿದ್ದೆ. ಲಾಕ್‌ಡೌನ್ ಆದಮೇಲೆ ಪುಟಗಳು ಪಿಡಿಎಫ್ ಆಗಿ ಮನೆಗೇ ಬರತೊಡಗಿದವು. ಆಮೇಲೆ ಅದೇ ರೂಢಿಯಾಯಿತು.

ಈ ಕೆಲಸಕ್ಕೆ ಕಣ್ಣೇ ಬಂಡವಾಳ. ದ, ಧ, ಥ ಮೂರನ್ನೂ ಒಂದು ಸಲ ಹತ್ತಿರದಿಂದ ನೋಡಿ. ದ ಅಕ್ಷರಕ್ಕೆ ಕೆಳಗೆ ಒಂದು ಸೀಳು ಬಿದ್ದರೆ ಧ. ಅದರ ಹೊಟ್ಟೆಯೊಳಗೆ ಒಂದು ಚುಕ್ಕೆ ಸೇರಿದರೆ ಥ. ಸಣ್ಣ ಅಕ್ಷರದ ಪುಟದಲ್ಲಿ ಆ ಚುಕ್ಕೆ ಸಾಸಿವೆ ಕಾಳಿಗಿಂತ ಎಷ್ಟೋ ಚಿಕ್ಕದು. ಅದು ಕಾಣದೆ ಹೋದರೆ 'ಅರ್ಥ' ಅನ್ನುವುದು 'ಅರ್ಧ' ಆಗಿಯೇ ಅಚ್ಚಾಗುತ್ತದೆ. ಭುಜ ನೋಯುತ್ತಿದ್ದಾಗ, ಕಂಪ್ಯೂಟರ್ ಪರದೆ ಮೇಲೆ ಬಿಸಿಲು ಬಿದ್ದಾಗ ಕಣ್ಣು ಇಂಥ ಕಡೆಯೇ ಜಾರುವುದು. ಪುಸ್ತಕ ಕೈಗೆ ಬಂದಮೇಲೆ ತಪ್ಪು ಕಂಡರೆ ನನಗೆ ಎರಡು ದಿನ ಊಟ ಸೇರುವುದಿಲ್ಲ. ಹಾಗಾಗಿ ಕೂರುವ ಜಾಗ ಸರಿಮಾಡಿಕೊಳ್ಳುವುದು ನನಗೆ ಶೋಕಿಯ ವಿಷಯ ಆಗಿರಲಿಲ್ಲ.

ಮೊದಲ ಎಂಟು ತಿಂಗಳು ಊಟದ ಮೇಜೇ ಆಫೀಸು. ಡಿಸೆಂಬರ್ ಹೊತ್ತಿಗೆ ಬಲಭುಜ ಎಷ್ಟು ಹಿಡಿದುಕೊಂಡಿತ್ತು ಅಂದರೆ ತಲೆ ಬಾಚಲು ಕೈ ಎತ್ತಲಾಗುತ್ತಿರಲಿಲ್ಲ. ಫಿಸಿಯೋಥೆರಪಿ ಮಾಡುವವರು ಕೇಳಿದ ಮೊದಲ ಪ್ರಶ್ನೆ, "ನಿಮ್ಮ ಮೇಜು ಎಷ್ಟು ಎತ್ತರ ಇದೆ?" ನನಗೆ ಗೊತ್ತಿರಲಿಲ್ಲ. ಮನೆಗೆ ಬಂದು ಹೊಲಿಗೆ ಟೇಪ್ ಹಿಡಿದೆ. 30 ಇಂಚು. ಆಮೇಲೆ ಕುರ್ಚಿಯಲ್ಲಿ ನೆಟ್ಟಗೆ ಕೂತು, ಪಾದ ನೆಲಕ್ಕೆ ಊರಿ, ಭುಜ ಸಡಿಲ ಬಿಟ್ಟು, ಮೊಣಕೈ ಮಡಚಿದೆ. ನೆಲದಿಂದ ಮೊಣಕೈಗೆ ಎಷ್ಟಿದೆ ಅಂತ ಮಗಳು ಅಳೆದಳು. 25 ಇಂಚು. ನಾನು 5 ಅಡಿ 1 ಇಂಚು. ಅಂಗಡಿಯ ಮೇಜುಗಳು ಹೆಚ್ಚುಕಮ್ಮಿ ಎಲ್ಲವೂ 29, 30 ಇಂಚಿನವೇ. ಎಂಟು ತಿಂಗಳು ನಾನು ಕೈಗಳನ್ನು 5 ಇಂಚು ಮೇಲಕ್ಕೆತ್ತಿಕೊಂಡೇ ಟೈಪ್ ಮಾಡಿದ್ದೆ. ಭುಜ ಪಾಪ ಏನು ಮಾಡೀತು!

ಉಗ್ರಾಣಕ್ಕೆ ಹೋಗುವುದು ಅಂತ ತೀರ್ಮಾನ ಆದಾಗ ಅತ್ತೆ ತಮ್ಮ ಯಜಮಾನರ ತೇಗದ ಮೇಜನ್ನು ಕೊಟ್ಟರು. ಅದೂ 30 ಇಂಚೇ. ಕಾಲು ಕತ್ತರಿಸಿದರೆ ಸರಿಹೋಗುತ್ತೆ ಅಂದೆ. "ಬೇಡ ಕಣಮ್ಮ, ಅವರು ಕೂತು ಲೆಕ್ಕ ಬರೀತಿದ್ದ ಮೇಜು" ಅಂದರು. ಮೇಜು ಇಳಿಸಲಾಗದಿದ್ದರೆ ಕೂರುವವಳೇ ಮೇಲೇರಬೇಕು, ಅಲ್ವಾ? ಎತ್ತರ ಏರಿಸಿ ಇಳಿಸುವ ಆಫೀಸ್ ಕುರ್ಚಿಯೊಂದನ್ನು ಹಳೇ ಸಾಮಾನಿನ ಅಂಗಡಿಯಲ್ಲಿ 3,500 ರೂಪಾಯಿಗೆ ತಂದೆ. ಮೊಣಕೈ ಮೇಜಿನ ಮಟ್ಟಕ್ಕೆ ಬರುವಷ್ಟು ಏರಿಸಿದೆ. ಈಗ ಕಾಲು ನೆಲಕ್ಕೆ ಎಟುಕುತ್ತಿಲ್ಲ. ಕಾಲು ಹಾಗೆ ನೇತಾಡಿದರೆ ಸೀಟಿನ ಅಂಚು ತೊಡೆಯ ಹಿಂಭಾಗವನ್ನು ಒತ್ತುತ್ತದೆ, ಅರ್ಧ ಗಂಟೆಯಲ್ಲಿ ಜೋಮು ಹಿಡಿಯುತ್ತದೆ.

ಊಟದ ಮಣೆ ತಂದು ಕಾಲಡಿಗೆ ಇಟ್ಟುಕೊಂಡೆ. ಅತ್ತೆ ನೋಡಿದರು. "ಊಟಕ್ಕೆ ಕೂರೋ ಮಣೆ ಮೇಲೆ ಪಾದ ಇಡ್ತೀಯಾ?" ಅವರು ಹೇಳಿದ್ದು ಸರಿ, ಅದು ನನಗೇ ಹೊಳೆಯಬೇಕಿತ್ತು. ಅದರ ಎತ್ತರವೂ ಸಾಲುತ್ತಿರಲಿಲ್ಲ. ಬಡಗಿ ಆಚಾರ್ರನ್ನು ಕರೆಸಿದೆ. ಅವರು ಟೇಪ್ ತೆಗೆಯಲೇ ಇಲ್ಲ. ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಹಿತ್ತಲಿನಿಂದ ಒಂದು ಇಟ್ಟಿಗೆ, ಎರಡು ಹಲಗೆ ತುಂಡು ತಂದು ಪಾದದ ಕೆಳಗೆ ಒಂದೊಂದಾಗಿ ಸೇರಿಸುತ್ತಾ ಹೋದರು. "ಈಗ ಹೆಂಗೈತೆ ಅಕ್ಕಾ? ತೊಡೆ ಒತ್ತುತ್ತಾ?" ಒತ್ತುವುದು ನಿಂತ ಕ್ಷಣ ಅಷ್ಟಕ್ಕೆ ಗೆರೆ ಹಾಕಿಕೊಂಡರು. "ಆ ಕಡೆ ಒಂದಿಂಚು ಜಾಸ್ತಿ ಇಡ್ತೀನಿ, ಬೆರಳು ಮೇಲಕ್ಕಿದ್ರೆ ಪಾದಕ್ಕೆ ಆರಾಮ" ಅಂತ ಇಳಿಜಾರು ಕೊಟ್ಟು, ಹಲಸಿನ ಹಲಗೆಯಲ್ಲಿ ಒಂದು ಮಣೆ ಮಾಡಿಕೊಟ್ಟರು. ಹಳದಿ ಬಣ್ಣದ ಆ ಹಲಗೆ ಈಗ ಪಾದ ತಾಗುವ ಕಡೆ ನುಣುಪಾಗಿ ಕಂದು ಬಣ್ಣಕ್ಕೆ ತಿರುಗಿದೆ. ಇಡೀ ಕೋಣೆಯಲ್ಲಿ ನನಗೆ ತುಂಬಾ ಉಪಕಾರ ಮಾಡಿದ ವಸ್ತು ಅದೇ.

ಅಂದಹಾಗೆ, ನನ್ನ 25 ಇಂಚನ್ನು ಬರೆದುಕೊಳ್ಳಬೇಡಿ. ನಿಮ್ಮದನ್ನು ಅಳೆದುಕೊಳ್ಳಿ. ಸಿದ್ಧ ಸಲಹೆ ಎಷ್ಟು ಒಳ್ಳೆಯದಿದ್ದರೂ ಅದು ಬೇರೆ ಯಾರದೋ ಮೈಗೆ ಹೊಲಿದ ರವಿಕೆ. ಪರದೆಯ ವಿಷಯದಲ್ಲಿ ಇದು ನನಗೆ ಚೆನ್ನಾಗಿ ಅರ್ಥವಾಯಿತು.

ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಇರಬೇಕು ಅಂತ ಎಲ್ಲರೂ ಹೇಳುತ್ತಾರೆ. ನಾನೂ ಎರಡು ದಪ್ಪ ನಿಘಂಟು ಇಟ್ಟು ಏರಿಸಿದೆ. ಭುಜ ಸರಿಹೋಯಿತು, ಆದರೆ ಕತ್ತಿನ ಹಿಂಭಾಗ ನೋಯತೊಡಗಿತು. ಕಾರಣ ನನ್ನ ಕನ್ನಡಕ. ನನಗೆ ಈಗ 47. ಹಾಕುವುದು ಪ್ರೊಗ್ರೆಸ್ಸಿವ್ ಗಾಜು. ಅದರಲ್ಲಿ ದೂರದ್ದು ಮೇಲ್ಭಾಗದಲ್ಲಿ ಕಾಣುತ್ತದೆ, ಹತ್ತಿರದ್ದು ಕೆಳಭಾಗದಲ್ಲಿ. ಪರದೆ ಎತ್ತರದಲ್ಲಿದ್ದರೆ ಕೆಳಭಾಗದಿಂದ ನೋಡಲು ಗದ್ದ ಮೇಲೆತ್ತಲೇಬೇಕು. ಇಡೀ ದಿನ ಗದ್ದ ಎತ್ತಿಕೊಂಡು ಕೂತರೆ ಕತ್ತು ನೋಯದೆ ಇರುತ್ತಾ? ನಿಘಂಟು ತೆಗೆದೆ, ಪರದೆಯನ್ನು ಸ್ವಲ್ಪ ಹಿಂದಕ್ಕೆ ವಾಲಿಸಿದೆ. ಅರ್ಧ ನೋವು ಅಲ್ಲಿಗೇ ಹೋಯಿತು. ಇನ್ನರ್ಧ ಹೋಗಿದ್ದು ಕಂಪ್ಯೂಟರಿಗೆ ಅಂತಲೇ ಬೇರೆ ಕನ್ನಡಕ ಮಾಡಿಸಿಕೊಂಡಮೇಲೆ. ಅದಕ್ಕೆ ಹೋಗುವಾಗ ಕಣ್ಣಿನಿಂದ ಪರದೆಗೆ ಎಷ್ಟು ದೂರ ಅಂತ ಅಳೆದುಕೊಂಡು ಹೋಗಿ. ನನ್ನದು 24 ಇಂಚು. ಆ ಒಂದು ಅಂಕಿ ಹೇಳಿದ್ದಕ್ಕೆ ಕಣ್ಣು ಪರೀಕ್ಷೆ ಮಾಡುವವರು ಆ ದೂರಕ್ಕೆ ಸರಿಯಾದ ಪವರ್ ಕೊಟ್ಟರು. ನಲವತ್ತು ದಾಟಿ ಪರದೆ ಮುಂದೆ ಕೂರುವವರೆಲ್ಲ ಈ ಮಾತನ್ನು ದಯವಿಟ್ಟು ಗಮನಿಸಬೇಕು.

ಇನ್ನು ಬೆಳಕು. ಕಿಟಕಿ ಎದುರಿಗಿದ್ದರೆ ಕಣ್ಣು ಕುಕ್ಕುತ್ತದೆ, ಬೆನ್ನ ಹಿಂದಿದ್ದರೆ ಪರದೆಯಲ್ಲಿ ಕಿಟಕಿಯೇ ಕಾಣುತ್ತದೆ. ಪಕ್ಕದಲ್ಲಿದ್ದರೆ ಒಳ್ಳೆಯದು. ನಾನು ಪೂರ್ವಕ್ಕೆ ಮುಖ ಮಾಡಿ ಕೂತರೆ ಉತ್ತರದ ಕಿಟಕಿ ಎಡಕ್ಕೆ ಬರುತ್ತದೆ. ಕಾಗದದ ಮೇಲೆ ಬರೆಯುವಾಗ ಬಲಗೈಯ ನೆರಳೂ ಬೀಳುವುದಿಲ್ಲ. ಪೂರ್ವಕ್ಕೆ ಕೂರುವುದು ವಾಸ್ತುವಿಗೂ ಸರಿ ಅಂತ ಅತ್ತೆಗೂ ಖುಷಿಯಾಯಿತು.

ಉತ್ತರದ ಕಿಟಕಿಗೆ ಬಿಸಿಲು ಬರುವುದೇ ಇಲ್ಲ ಅಂದುಕೊಂಡಿದ್ದೆ. ಮೊದಲ ವರ್ಷ ಮೇ ತಿಂಗಳಲ್ಲಿ ಸಂಜೆ ಐದರ ಹೊತ್ತಿಗೆ ಬಿಸಿಲು ಓರೆಯಾಗಿ ಬಂದು ಪರದೆ ಮೇಲೇ ಕೂತಿತು. ಮಗಳು ಭೂಗೋಳದ ಪುಸ್ತಕ ತಂದು ವಿವರಿಸಿದಳು. ಮೈಸೂರು ಇರುವುದು ಸುಮಾರು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೇ ವಾರದಿಂದ ಆಗಸ್ಟ್ ಮೂರನೇ ವಾರದವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕೆ ಸರಿದಿರುತ್ತಾನೆ. ಮುಳುಗುವಾಗಲೂ ವಾಯವ್ಯದ ಕಡೆಗೇ. ಆ ನಾಲ್ಕು ತಿಂಗಳಿಗೆ ಅಂತ ಅತ್ತೆಯ ಹಳೇ ಕಾಟನ್ ಸೀರೆಯನ್ನು ಹರಿದು ಕಿಟಕಿಗೆ ಪರದೆ ಹೊಲಿದೆ. ಬಿಳಿ ಸೀರೆ, ಸಣ್ಣ ನೀಲಿ ಅಂಚು. ಬಿಸಿಲನ್ನು ತಡೆಯುತ್ತದೆ, ಬೆಳಕನ್ನು ಬಿಡುತ್ತದೆ. ಅಂಗಡಿಯ ದಪ್ಪ ಪರದೆ ಹಾಕಿದ್ದರೆ ಕೋಣೆ ಮತ್ತೆ ಉಗ್ರಾಣವೇ ಆಗುತ್ತಿತ್ತು. ರಾತ್ರಿ ಕೆಲಸ ಇದ್ದರೆ ಗೋಡೆ ಕಡೆಗೆ ತಿರುಗಿಸಿದ ಒಂದು 9 ವ್ಯಾಟ್ ಬಲ್ಬ್ ಉರಿಸುತ್ತೇನೆ. ಕತ್ತಲಲ್ಲಿ ಪರದೆ ಒಂದೇ ಹೊಳೆಯುತ್ತಿದ್ದರೆ ಕಣ್ಣು ಬೇಗ ದಣಿಯುತ್ತದೆ.

ಕರೆಂಟಿನ ಬಗ್ಗೆ ಒಂದು ಮಾತು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಕರೆಂಟ್ ಹೋಗುವುದು ಇದ್ದದ್ದೇ. ನಮ್ಮಲ್ಲಿ ಇನ್ವರ್ಟರ್ ಇತ್ತು, ಆದರೂ ಪ್ರತಿ ಸಲ ಕಂಪ್ಯೂಟರ್ ಆಫ್ ಆಗಿ ಮತ್ತೆ ಆನ್ ಆಗುತ್ತಿತ್ತು. ಒಂದು ಸಂಜೆ 40 ಪುಟದ ತಿದ್ದುಪಡಿ ಹೋಯಿತು. ಎಲೆಕ್ಟ್ರಿಷಿಯನ್ ಬಂದು ಇನ್ವರ್ಟರ್ ಹಿಂದಿದ್ದ ಒಂದು ಸಣ್ಣ ಸ್ವಿಚ್ಚನ್ನು ಯುಪಿಎಸ್ ಅನ್ನುವ ಕಡೆಗೆ ತಳ್ಳಿದರು. ಅಷ್ಟೇ. ಆ ಕಡೆಗಿದ್ದರೆ ಬ್ಯಾಟರಿಗೆ ಬದಲಾಗುವುದು ತುಂಬಾ ಬೇಗ, ಕಂಪ್ಯೂಟರಿಗೆ ಗೊತ್ತೇ ಆಗುವುದಿಲ್ಲ. ನಿಮ್ಮ ಮನೆಯದರಲ್ಲೂ ಇದೆಯಾ ನೋಡಿ. ಇಂಟರ್ನೆಟ್ ರೂಟರ್ ಕೂಡ ಇನ್ವರ್ಟರ್ ಲೈನಿನಲ್ಲೇ ಇರಲಿ.

ಬಾಗಿಲಿನ ವಿಷಯಕ್ಕೆ ಮನೆಯಲ್ಲಿ ಸ್ವಲ್ಪ ಮಾತುಕತೆ ಬೇಕಾಯಿತು. ಕೊರಿಯರ್, ಗ್ಯಾಸ್, ಪಕ್ಕದ ಮನೆಯವರು, ಎಲ್ಲದಕ್ಕೂ "ಅವಳು ಮನೇಲೇ ಇದ್ದಾಳಲ್ಲ" ಅನ್ನುವುದು ಅಭ್ಯಾಸವಾಗಿತ್ತು. ಈಗ ಬಾಗಿಲು ಪೂರ್ತಿ ಹಾಕಿದ್ದರೆ ಓದುತ್ತಿದ್ದೇನೆ ಅಂತ ಅರ್ಥ. ಅರ್ಧ ತೆರೆದಿದ್ದರೆ ಬರಬಹುದು. ಹನ್ನೊಂದಕ್ಕೆ ನಾನೇ ಎದ್ದು ಹೋಗಿ ಅತ್ತೆಯ ಜೊತೆ ಕಾಫಿ ಕುಡಿಯುತ್ತೇನೆ. ಇಪ್ಪತ್ತು ನಿಮಿಷಕ್ಕೊಮ್ಮೆ ಕಣ್ಣೆತ್ತಿ ಎದುರು ಮನೆಯ ಸಂಪಿಗೆ ಮರ ನೋಡುತ್ತೇನೆ. ಸಂಜೆ ಕುಕ್ಕರಹಳ್ಳಿ ಕೆರೆಗೆ ಒಂದು ಸುತ್ತು. ದಿನವಿಡೀ 24 ಇಂಚಿನಲ್ಲೇ ಕಟ್ಟಿಹಾಕಿದ್ದ ಕಣ್ಣಿಗೆ ಅಲ್ಲಿ ಹೆಜ್ಜಾರ್ಲೆ ಹಕ್ಕಿಗಳು ನೀರಿಗಿಳಿಯುವುದನ್ನು ದೂರದಿಂದ ನೋಡುವುದು ದೊಡ್ಡ ಸುಖ.

ಈ ಭಾನುವಾರ ಆಚಾರ್ರು ಮತ್ತೆ ಬರುತ್ತಿದ್ದಾರೆ. ಟಿವಿ ನೋಡುವಾಗ ಕಾಲಿಟ್ಟುಕೊಳ್ಳಲು ಅತ್ತೆಗೂ ಒಂದು ಮಣೆ ಬೇಕಂತೆ. ನಿನ್ನೆ ಅವರನ್ನು ಅವರ ಕುರ್ಚಿಯಲ್ಲಿ ಕೂರಿಸಿ, ಪಾದದ ಕೆಳಗೆ ಹಲಗೆ ತುಂಡು ಸೇರಿಸುತ್ತಾ ಬಂದೆ. "ಸಾಕು, ಇಷ್ಟೇ ಇರಲಿ" ಅಂದಾಗ ಅಳೆದೆ. ಮೂರೂವರೆ ಇಂಚು.