ಗೊರಬಲಿನ ಹೆಸರು, ಸರಕಿನ ಧಾರಣೆ

ಮೂರು ವಾರ ಕಾಡಿದ ಬಗ್ (ಕೋಡ್ ದೋಷ) ನಿನ್ನೆ ರಾತ್ರಿ ಸಿಕ್ಕಿತು. ಅಡಿಕೆ ಧಾರಣೆ ತೋರಿಸುವ ನನ್ನ ರಿಯಾಕ್ಟ್ (ವೆಬ್ ಪುಟ ಕಟ್ಟುವ ಜಾವಾಸ್ಕ್ರಿಪ್ಟ್ ಲೈಬ್ರರಿ) ಆ್ಯಪ್‌ನದು. ಅಡಿಕೆಯ ನಾಲ್ಕು ಬಗೆಗೆ ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ನಾಲ್ಕು ಬಟನ್. ಒತ್ತಿದರೆ ಶಿವಮೊಗ್ಗ ಮಾರುಕಟ್ಟೆಯ ಆ ದಿನದ ಧಾರಣೆ ಬರಬೇಕು.

ಬಗ್ ಮೊದಲು ಕಂಡ ದಿನ ಅಪ್ಪ ಜಗಲಿಯಲ್ಲಿ ಕೂತು ಫೋನ್ ನೋಡುತ್ತಿದ್ದವರು, "ಗೊರಬಲಿಗೆ ಇಷ್ಟು ಧಾರಣೆ ಎಲ್ಲಿಂದ ಬಂತೋ? ಇದು ಸರಕಿಂದು" ಅಂದರು. ಮೇಲೆ ಗೊರಬಲಿನ ಹೆಸರು, ಕೆಳಗೆ ಸರಕಿನ ಅಂಕಿ! ಇವೆರಡರ ಬೆಲೆಗೆ ಅಜಗಜಾಂತರ. ಈ ಅಂಕಿ ನಂಬಿ ಯಾರಾದರೂ ಮಂಡಿಗೆ ಮೂಟೆ ಹೊರಿಸಿದರೆ? ಅವತ್ತು ನನಗೆ ಊಟ ಸೇರಲಿಲ್ಲ.

ನನ್ನ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಒಮ್ಮೆಯೂ ಹಾಗಾಗಲಿಲ್ಲ. ಸರ್ವರ್ ಅದರಲ್ಲೇ ಇದೆ, ಉತ್ತರ ಥಟ್ಟನೆ ಬರುತ್ತದೆ. ಅಪ್ಪನ ಫೋನಿಗೆ ಒಂದೇ ಕಡ್ಡಿ ಸಿಗ್ನಲ್, ಉತ್ತರ ತಡವಾಗುತ್ತದೆ. ಮನೆಯ ಫೈಬರ್ ಇಂಟರ್ನೆಟ್ಟೂ ಅಷ್ಟಕ್ಕಷ್ಟೇ, ಎಳೆದವರು ಮರದಿಂದ ಮರಕ್ಕೆ ಕಟ್ಟಿ ಹೋಗಿದ್ದಾರೆ. ಗಾಳಿಗೆ ಕೊಂಬೆ ಬಿದ್ದರೆ ಅವರು ನಾಲ್ಕು ದಿನ ಫೋನ್ ಎತ್ತುವುದಿಲ್ಲ. ದುಡ್ಡು ಮಾತ್ರ ಮುಂಚೆಯೇ ಕಟ್ಟಬೇಕು.

ನಿನ್ನೆ ಸರ್ವರ್‌ನಲ್ಲಿ ಸರಕಿನ ಉತ್ತರಕ್ಕೆ ಮಾತ್ರ ಬೇಕಂತಲೇ 4 ಸೆಕೆಂಡ್ ತಡ ಹಾಕಿದೆ. ಸರಕು ಒತ್ತಿ, ಕೂಡಲೇ ಗೊರಬಲು ಒತ್ತಿದೆ. ಗೊರಬಲಿನ ಅಂಕಿ ಬಂತು. ಸುಮ್ನೆ ನೋಡುತ್ತಾ ಕೂತೆ. ಒಂದು, ಎರಡು, ಮೂರು... ಅಂಕಿ ಕಣ್ಣೆದುರೇ ಬದಲಾಯಿತು! ಮೊದಲು ಹೋದ ಫೆಚ್ (ಸರ್ವರ್‌ಗೆ ಕಳಿಸಿದ ಕೋರಿಕೆ) ಕೊನೆಗೆ ಬಂದು ಸ್ಟೇಟ್ ಮೇಲೆ, ಅಂದರೆ ಆ್ಯಪ್ ತೋರಿಸುವ ಅಂಕಿಯ ಮೇಲೆ, ಕೂತಿತ್ತು. ಕೇಳಿದ ಸರದಿಯಲ್ಲೇ ಉತ್ತರ ಬರುತ್ತದೆ ಅಂತ ಖಾತ್ರಿ ಏನೂ ಇಲ್ಲವಲ್ಲ.

ಈಗ ಯೂಸ್‌ಎಫೆಕ್ಟ್ (ಬಟನ್ ಬದಲಾದಾಗ ಫೆಚ್ ಕಳಿಸುವ ರಿಯಾಕ್ಟ್ ಹುಕ್) ಓಡಿದಾಗಲೆಲ್ಲ ಹೊಸ ಅಬಾರ್ಟ್‌ಕಂಟ್ರೋಲರ್ (ಹೋದ ಫೆಚ್ ರದ್ದು ಮಾಡುವ ಸಾಧನ). ಅದರ ರದ್ದತಿ ಸಿಗ್ನಲ್ ಫೆಚ್‌ಗೆ, ಅಬಾರ್ಟ್ (ರದ್ದು ಮಾಡುವ ಕರೆ) ಕ್ಲೀನಪ್‌ಗೆ, ಅಂದರೆ ಹಳೆ ಎಫೆಕ್ಟ್ ಮುಗಿಸುವ ಕೋಡಿಗೆ. ಬೇರೆ ಬಟನ್ ಒತ್ತಿದರೆ ಮೊದಲು ಹಳೆಯ ಕ್ಲೀನಪ್ ಓಡುತ್ತದೆ, ಆಮೇಲೆ ಹೊಸ ಎಫೆಕ್ಟ್. ಒಂದು ಫ್ಲ್ಯಾಗ್ (ಹೌದು/ಇಲ್ಲ ಗುರುತು) ಇಟ್ಟು ಹಳೆ ಉತ್ತರ ಬಿಸಾಕಬಹುದಿತ್ತು. ಆದರೆ ಒಂದು ಕಡ್ಡಿ ಸಿಗ್ನಲ್‌ನಲ್ಲಿ ಬೇಡದ ಡೇಟಾ ಯಾಕೆ ಇಳಿಸಬೇಕು, ಅಲ್ವಾ?

ಅಷ್ಟಕ್ಕೇ ಮುಗಿಯಲಿಲ್ಲ. 'ಲೋಡ್ ಆಗುತ್ತಿದೆ' ಅನ್ನುವುದು ಮಿಂಚಿ ಮಾಯವಾಗತೊಡಗಿತು. ರದ್ದಾದ ಫೆಚ್ ಅಬಾರ್ಟ್‌ಎರರ್ ಆಗಿ ಕ್ಯಾಚ್‌ಗೆ (ದೋಷ ಹಿಡಿಯುವ ಕೋಡ್) ಬಂದು, ಫೈನಲಿಯಲ್ಲಿ (ಏನಾದರೂ ಕೊನೆಗೆ ಓಡುವ ಕೋಡ್) ಲೋಡಿಂಗ್ ಅನ್ನು ಫಾಲ್ಸ್ ಮಾಡುತ್ತಿತ್ತು. ಹೊಸ ಫೆಚ್ ಇನ್ನೂ ದಾರಿಯಲ್ಲೇ ಇತ್ತು. ಸಿಗ್ನಲ್ ಅಬಾರ್ಟ್ ಆಗಿದ್ದರೆ ಎರಡೂ ಕಡೆ ಏನನ್ನೂ ಮುಟ್ಟಬೇಡ ಅಂತ ಬರೆದ ಮೇಲೆ ತಣ್ಣಗಾಯಿತು.

ಹಾಂ, ರಿಯಾಕ್ಟ್ 18ರ ಸ್ಟ್ರಿಕ್ಟ್ ಮೋಡ್ (ತಪ್ಪು ಬೇಗ ಕಾಣಿಸುವ ಪರೀಕ್ಷಾ ವ್ಯವಸ್ಥೆ) ತೆಗೆದಿಟ್ಟಿದ್ದೆ, ವಾಪಸ್ ಹಾಕಿದ್ದೇನೆ. ಡೆವಲಪ್‌ಮೆಂಟ್‌ನಲ್ಲಿ ಅದು ಎಫೆಕ್ಟನ್ನು ಎರಡು ಸಲ ಓಡಿಸುತ್ತದೆ. ಬ್ರೌಸರ್‌ನ ನೆಟ್‌ವರ್ಕ್ ಟ್ಯಾಬ್‌ನಲ್ಲಿ ಮೊದಲ ಫೆಚ್ ರದ್ದಾಗಿದ್ದು ಕಂಡರೆ ಕ್ಲೀನಪ್ ಸರಿ ಇದೆ ಅಂತ ಲೆಕ್ಕ.

ಇದೇ ಹುಕ್ ಮುಂದೆ ತೋಟದ ಮಳೆಮಾಪಕಕ್ಕೂ ಬೇಕು. ಇಎಸ್‌ಪಿ32 (ವೈಫೈ ಇರುವ ಪುಟ್ಟ ಕಂಪ್ಯೂಟರ್ ಚಿಪ್) ತಂದಾಗಿದೆ. ಪುಟ್ಟ ತೊಟ್ಟಿ ತುಂಬಿ ಮಗುಚಿದಾಗಲೆಲ್ಲ ಒಂದು ಎಣಿಕೆ. ಆಗುಂಬೆ ಕಡೆಯ ಅತ್ತೆ ಮನೆಗೂ ಒಂದು ಇಡುವ ಆಸೆ. ಆದರೆ ಮಾರಿದವರು ಆ ಎಣಿಕೆಗೆ ಬೇಕಾದ ರೀಡ್ ಸ್ವಿಚ್‌ಗಳನ್ನು (ಅಯಸ್ಕಾಂತಕ್ಕೆ ಕೂಡುವ ಗಾಜಿನ ಸ್ವಿಚ್) ಬರೀ ಕವರ್‌ನಲ್ಲಿ ಹಾಕಿ ಕಳಿಸಿದ್ದಾರೆ, ಐದರಲ್ಲಿ ಮೂರರ ಗಾಜು ಒಡೆದಿದೆ. ಬದಲಿ ಬರುವವರೆಗೆ ಪಿವಿಸಿ ಪೈಪ್ ಕೊಯ್ದಿಡುತ್ತೇನೆ.