ಪುಟ 47ರ ಉಪ್ಪಿಟ್ಟು

ಹಳೇ ವಿದ್ಯಾರ್ಥಿಗಳ ಸಂಘದವರು ಮನೆಗೆ ಬಂದು, ಸ್ಮರಣ ಸಂಚಿಕೆಗೆ ನೀವೇ ಸಂಪಾದಕರಾಗಬೇಕು ಮೇಡಂ ಅಂದಾಗ, ಕಾಫಿ ಲೋಟ ಕೈಗೆ ಕೊಡುತ್ತಾ ಆಯ್ತು ಅಂದುಬಿಟ್ಟಿದ್ದೆ. ಪಿಯು ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷ ಕನ್ನಡ ಪಾಠ ಮಾಡಿದವಳು, ಕಾಗುಣಿತ ತಿದ್ದುವುದೇನು ಮಹಾ ಅಂತ. ನಾನು ಓದಿದ ಹೈಸ್ಕೂಲು ಹಾಸನದಿಂದ ಅರ್ಧ ಗಂಟೆ ದೂರದ ಒಂದು ಹೋಬಳಿ ಊರಿನದು. 1975ರಲ್ಲಿ ಶುರುವಾದದ್ದು, 2025ರ ನವೆಂಬರಿಗೆ ಸುವರ್ಣ ಮಹೋತ್ಸವ.

ಅಕ್ಟೋಬರ್ ಎರಡನೇ ವಾರದ ಹೊತ್ತಿಗೆ ನನ್ನ ಮೇಜಿನ ಮೇಲೆ 214 ಪುಟಕ್ಕಾಗುವಷ್ಟು ಮ್ಯಾಟರ್ ಬಿದ್ದಿತ್ತು. ಪ್ರೆಸ್ಸಿನ ಹುಡುಗ ಲೆಕ್ಕ ಹೇಳಿದ. 'ಹದಿನಾರರ ಲೆಕ್ಕದಲ್ಲಿ ಕೊಡಿ ಮೇಡಂ. ಹತ್ತು ಫಾರಂ ಅಂದ್ರೆ 160 ಪುಟ. ಅದ್ರ ಮೇಲೆ ಒಂದೇ ಒಂದು ಪುಟ ಹೆಚ್ಚಾದ್ರೂ ಇನ್ನೊಂದು ಫಾರಂ ಎತ್ಬೇಕು. ನಿಮ್ ಬಜೆಟ್ಟಿಗೆ ಆಗಕ್ಕಿಲ್ಲ.'

ಜಾಹೀರಾತು 46 ಪುಟ, ಮುಟ್ಟುವ ಹಾಗಿಲ್ಲ, ಪುಸ್ತಕ ನಡೆಯುವುದೇ ಅದರಿಂದ. ಗಣ್ಯರ ಸಂದೇಶ 12 ಪುಟ, ಅದನ್ನೂ ಮುಟ್ಟುವ ಹಾಗಿಲ್ಲ. ಹನ್ನೆರಡು ಜನ ಗಣ್ಯರಿಗೂ ವಿಷಯ ತಿಳಿದು ಹರ್ಷವಾಗಿದೆ, ಹನ್ನೆರಡೂ ಜನ ಸಂಚಿಕೆ ಅರ್ಥಪೂರ್ಣವಾಗಿ ಮೂಡಿಬರಲೆಂದು ಹಾರೈಸಿದ್ದಾರೆ. ಲೆಟರ್‌ಹೆಡ್ ಅದಲುಬದಲಾದರೆ ಅವರಿಗೇ ಗೊತ್ತಾಗಲಿಕ್ಕಿಲ್ಲ. ಉಳಿದದ್ದು 102 ಪುಟ. ಒಳಗೆ ತುರುಕಬೇಕಾದ ಬರಹ 156 ಪುಟ. ಅಂದರೆ 54 ಪುಟದಷ್ಟು ಜನಕ್ಕೆ ನಾನು 'ಬೇಡ' ಅನ್ನಬೇಕು.

ಎಲ್ಲಕ್ಕಿಂತ ಉದ್ದದ್ದು ನಮ್ಮ ಮೇಷ್ಟ್ರದು. ಗೆರೆ ಹಾಳೆಯಲ್ಲಿ ಎರಡೂ ಮಗ್ಗುಲು ಬರೆದ ಮೂವತ್ತೊಂದು ಪುಟ, ಟೈಪ್ ಮಾಡಿಸಿದಾಗ ಹದಿನಾಲ್ಕು. ಡಿಟಿಪಿಯವರು 'ನುಡಿ' ತಂತ್ರಾಂಶದಲ್ಲಿ ಹೊಡೆದು ಯೂನಿಕೋಡಿಗೆ ಬದಲಾಯಿಸುವಾಗ ಒತ್ತಕ್ಷರಗಳೆಲ್ಲ ದಿಕ್ಕಾಪಾಲಾಗಿದ್ದವು. ಅದನ್ನು ಎರಡು ರಾತ್ರಿ ಕೂತು ಸರಿಮಾಡಿದೆ. ಸರಿಮಾಡುತ್ತಾ ಗೊತ್ತಾಯಿತು, ಇದರಲ್ಲಿ ಹತ್ತು ಪುಟ ಬರೀ ವಂದನಾರ್ಪಣೆ. ಯಾವ ವರ್ಷ ಯಾರು ಮುಖ್ಯೋಪಾಧ್ಯಾಯರು, ಯಾವ ಕೊಠಡಿಗೆ ಯಾರು ಹೆಂಚು ಕೊಟ್ಟರು, ಧ್ವಜಸ್ತಂಭದ ಕಟ್ಟೆಗೆ ಯಾರ ಗಾಡಿಯಲ್ಲಿ ಕಲ್ಲು ಬಂತು. ತೆಗೆಯಲೇಬೇಕು. ಆದರೆ ನನಗೆ ಹಳಗನ್ನಡ ಬಿಡಿಸಿ ಓದಲು ಕಲಿಸಿದವರಿಗೆ ನಾನು ಹೋಗಿ 'ಸಾರ್, ಉದ್ದವಾಯ್ತು' ಅನ್ನುವುದು ಹೇಗೆ?

ಆ ವಾರ ಹಾಸನಾಂಬೆಯ ಬಾಗಿಲು ತೆರೆದಿತ್ತು. ವರ್ಷಕ್ಕೊಮ್ಮೆ, ಆಶ್ವಯುಜ ಹುಣ್ಣಿಮೆ ಕಳೆದ ಗುರುವಾರದಿಂದ ಬಲಿಪಾಡ್ಯಮಿಯ ಆಚೀಚೆವರೆಗೆ. ಹಾಸನದವರಿಗೆ ಆಗ ಮನೆ ಮನೆಯಾಗಿರುವುದಿಲ್ಲ, ಛತ್ರವಾಗಿರುತ್ತದೆ. ಬೆಂಗಳೂರಿನ ನಾದಿನಿ ಮನೆಯವರು, ಅವರ ಅಪಾರ್ಟ್‌ಮೆಂಟಿನವರು, ಎಲ್ಲ ಬಂದು ನಡುಮನೆಯಲ್ಲಿ ಚಾಪೆ ಹಾಸಿ ಮಲಗಿದ್ದರು. ಮುನ್ನೂರರ ಟಿಕೆಟ್ಟಾ, ಸಾವಿರದ ಟಿಕೆಟ್ಟಾ, ಧರ್ಮದರ್ಶನದ ಸಾಲಾ ಎಂಬ ಚರ್ಚೆ ಹತ್ತೂವರೆಗೆ ಮುಗಿಯಿತು. ಫ್ಯಾಷನ್ ಡಿಸೈನ್ ಓದುತ್ತಿರುವ ಮಗಳೂ ರಜೆಗೆ ಬಂದಿದ್ದಳು. ಅಡುಗೆಮನೆಯ ಮೇಜಿನ ಮೇಲೆ ಕರಡು ಹರವಿಕೊಂಡು ಕೂತ ನನ್ನನ್ನು ನೋಡಿ, 'ಅಮ್ಮ, ಎಡಿಟರ್ ಅಂದ್ರೆ ಏನು ಅಂತ ತೋರಿಸ್ತೀನಿ ಬಾ' ಅಂದಳು. ಲ್ಯಾಪ್‌ಟಾಪನ್ನು ಹಿಟ್ಟಿನ ಡಬ್ಬಕ್ಕೆ ಒರಗಿಸಿ ಹಾಕಿದ್ದು 'ದಿ ಸೆಪ್ಟೆಂಬರ್ ಇಶ್ಯೂ' ಎಂಬ ಸಾಕ್ಷ್ಯಚಿತ್ರ.

ಅಮೆರಿಕದ ಫ್ಯಾಷನ್ ಪತ್ರಿಕೆ ವೋಗ್‌ನ ಸಂಪಾದಕಿಯಾಗಿದ್ದ ಆನಾ ವಿಂಟೂರ್ ಕುರಿತದ್ದು. 1988ರಿಂದ ಆ ಕುರ್ಚಿಯಲ್ಲಿ ಕೂತಿದ್ದಾಕೆ. 2025ರ ಜೂನ್‌ನಲ್ಲಷ್ಟೇ, ಪತ್ರಿಕೆಯ ದಿನನಿತ್ಯದ ಸಂಪಾದಕತ್ವ ಬಿಡುತ್ತೇನೆ ಎಂದು ಸುದ್ದಿಯಾಗಿದ್ದರು. ಅದಕ್ಕೇ ಮಗಳಿಗೆ ಚಿತ್ರ ನೆನಪಾದದ್ದು. ಆರ್.ಜೆ. ಕಟ್ಲರ್ ಎಂಬ ನಿರ್ದೇಶಕ 2007ರಲ್ಲಿ ತಿಂಗಳುಗಟ್ಟಲೆ ಅವರ ಆಫೀಸಿನಲ್ಲಿ ಕ್ಯಾಮೆರಾ ಇಟ್ಟುಕೊಂಡು, ಒಂದೇ ಒಂದು ಸಂಚಿಕೆ ತಯಾರಾಗುವುದನ್ನು ಹಿಡಿದಿದ್ದಾರೆ. ಚಿತ್ರ ಹೊರಬಂದದ್ದು 2009ರಲ್ಲಿ. ಸೆಪ್ಟೆಂಬರ್ ಸಂಚಿಕೆ ಅಂದರೆ ಅವರಿಗೆ ನಮ್ಮ ದೀಪಾವಳಿ ವಿಶೇಷಾಂಕ ಇದ್ದ ಹಾಗೆ. ಆ ವರ್ಷದ್ದು 840 ಪುಟ, ಸುಮಾರು ಎರಡು ಕಿಲೋ ತೂಕ. ಹೆಚ್ಚುಪಾಲು ಜಾಹೀರಾತೇ. 'ನಮ್ ಪುಸ್ತಕದ ಥರಾನೇ' ಅಂದೆ. ಮಗಳು ನಗಲಿಲ್ಲ.

ಬಟ್ಟೆಬರೆಯ ವಿಷಯ ನನಗೆ ಅರ್ಥವಾಗುವುದು ಅಷ್ಟಕ್ಕಷ್ಟೆ. ಕಣ್ಣು ನೆಟ್ಟದ್ದು ಒಂದು ಗೋಡೆಯ ಮೇಲೆ. ಸಂಚಿಕೆಯ ಪುಟಗಳನ್ನೆಲ್ಲ ಚಿಕ್ಕದಾಗಿ ಅಚ್ಚು ಹಾಕಿ ಸಾಲಾಗಿ ಚುಚ್ಚಿರುತ್ತಾರೆ. ಆನಾ ಬರುತ್ತಾರೆ, ನೋಡುತ್ತಾರೆ, ಇದು ಬೇಡ ಅನ್ನುತ್ತಾರೆ. ಪುಟ ಹೋಯಿತು. ದನಿ ಏರುವುದಿಲ್ಲ, ಕಾರಣವೂ ಹೆಚ್ಚಿರುವುದಿಲ್ಲ. ಆಮೇಲೆ ಗ್ರೇಸ್ ಕಾಡಿಂಗ್ಟನ್ ಬರುತ್ತಾರೆ. ಆನಾ ಸೇರಿದ ವರ್ಷವೇ ಅಲ್ಲಿಗೆ ಸೇರಿದವರು, ಹಿಂದೊಮ್ಮೆ ರೂಪದರ್ಶಿಯಾಗಿದ್ದು ಕಾರು ಅಪಘಾತದಲ್ಲಿ ಕಣ್ಣಿನ ರೆಪ್ಪೆಗೆ ಪೆಟ್ಟು ತಿಂದವರು. ಕೆದರಿದ ಕೆಂಚುಕೂದಲು, ಕಪ್ಪು ಬಟ್ಟೆ, ಚಪ್ಪಟೆ ಚಪ್ಪಲಿ. ತಾವು ವಾರಗಟ್ಟಲೆ ಒದ್ದಾಡಿ ತೆಗೆಸಿದ ಚಿತ್ರಗಳಲ್ಲಿ ಯಾವುದು ಗೋಡೆಯ ಮೇಲೆ ಉಳಿದಿದೆ, ಯಾವುದು ಮಾಯ ಎಂದು ಹುಡುಕುತ್ತಾರೆ. ಐವತ್ತು ಸಾವಿರ ಡಾಲರಿನ ಕೆಲಸ ಬಿಸಾಡಿದರು ಎಂದು ಗೊಣಗುತ್ತಾರೆ. ಗೊಣಗುತ್ತಲೇ ಇನ್ನೊಂದು ಚಿತ್ರಕ್ಕೆ ಹೊರಡುತ್ತಾರೆ. ಅವರ ಮುಖ ನೋಡುವಾಗಲೆಲ್ಲ ನನ್ನ ಕಣ್ಣು ಮೇಜಿನ ಮೇಲಿದ್ದ ಗೆರೆ ಹಾಳೆಗಳ ಕಟ್ಟಿನ ಕಡೆ ಹೋಗುತ್ತಿತ್ತು.

ಒಂದು ಕಡೆ ಆನಾ ತಮ್ಮ ಅಪ್ಪನ ವಿಷಯ ಹೇಳುತ್ತಾರೆ. ಚಾರ್ಲ್ಸ್ ವಿಂಟೂರ್, ಲಂಡನ್ನಿನ ಈವ್ನಿಂಗ್ ಸ್ಟ್ಯಾಂಡರ್ಡ್ ಪತ್ರಿಕೆಯ ಸಂಪಾದಕರಾಗಿದ್ದವರು. ಹುಡುಗಿಯಾಗಿದ್ದಾಗ ಯಾವುದೋ ಅರ್ಜಿಯಲ್ಲಿ ಮುಂದೇನಾಗಬೇಕು ಎಂಬ ಕಾಲಂ ಬಂತಂತೆ. ಏನು ಬರೆಯಲಿ ಎಂದರೆ, ವೋಗ್ ಸಂಪಾದಕಿ ಆಗಬೇಕು ಅಂತ ಬರಿ, ಮತ್ತಿನ್ನೇನು ಎಂದರಂತೆ ಅಪ್ಪ. ಅದರ ಹತ್ತಿರದಲ್ಲೇ ಇನ್ನೊಂದು ಮಾತು. ಒಡಹುಟ್ಟಿದವರೆಲ್ಲ ಗಂಭೀರ ಕೆಲಸದಲ್ಲಿದ್ದಾರೆ, ರಾಜಕೀಯ ವರದಿಗಾರಿಕೆ, ಕೂಲಿಕಾರರ ಹಕ್ಕು, ಹೀಗೆ. ತಾನು ಮಾಡುವ ಕೆಲಸ ಅವರಿಗೆ ತಮಾಷೆಯಾಗಿ ಕಾಣುತ್ತದೆ ಎಂದು ಹೇಳಿ ಆಕೆ ಸುಮ್ಮನಾಗುತ್ತಾರೆ. ಅಷ್ಟು ಹೊತ್ತು ಕಲ್ಲಿನಂತಿದ್ದ ಮುಖ ಅಲ್ಲೊಂದು ಗಳಿಗೆ ಸಡಿಲಾಗುತ್ತದೆ.

ನನ್ನ ಮಗಳು ಆಗ ನನ್ನ ಕಡೆ ನೋಡಲಿಲ್ಲ. ಸ್ಟೀಲ್ ತಟ್ಟೆಯಲ್ಲಿದ್ದ ಕೋಡುಬಳೆ ಮುರಿದು ಮುರಿದು ಚೂರು ಮಾಡುತ್ತಿದ್ದಳು. ನೆಂಟರ ಮುಂದೆ ನಾನು 'ಅವಳಾ, ಅದೇ ಬಟ್ಟೆ ಹೊಲಿಯೋ ಕೋರ್ಸು' ಅಂದದ್ದು ಅದೇ ದಿನ ಸಂಜೆ.

ಹಾಸನದಲ್ಲಿ ನಮ್ಮ ವಯಸ್ಸಿನವರಿಗೆ ಸಂಪಾದಕ ಅಂದರೆ ಲಂಕೇಶ್. 1980ರಲ್ಲಿ ಅವರ 'ಲಂಕೇಶ್ ಪತ್ರಿಕೆ' ಶುರುವಾದಾಗ ನಾನಿನ್ನೂ ಚಿಕ್ಕವಳು. ನಮ್ಮಪ್ಪ ವಾರಕ್ಕೊಮ್ಮೆ ಬಸ್‌ಸ್ಟ್ಯಾಂಡಿನ ಅಂಗಡಿಯಿಂದ ಅದನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು ಬರುತ್ತಿದ್ದರು. ಬಣ್ಣವಿಲ್ಲ, ಜಾಹೀರಾತಿಲ್ಲ. ನಮ್ಮೂರಿನ ಬಾನು ಮುಷ್ತಾಕ್ ಅದಕ್ಕೆ ವರದಿಗಾರ್ತಿಯಾಗಿದ್ದರು ಅನ್ನುವುದು 2025ರ ಮೇ ತಿಂಗಳಲ್ಲಿ ಅವರಿಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ ಎಲ್ಲರ ಬಾಯಲ್ಲೂ ಬಂತು. ನನಗೆ ನೋಡಬೇಕು ಅನ್ನಿಸುವುದು ಬೇರೆ. ಹಾಸನದಿಂದ ಹೋದ ಒಂದು ಹಸ್ತಪ್ರತಿಯ ಮೇಲೆ ಲಂಕೇಶರ ಪೆನ್ನು ಎಲ್ಲಿ ನಿಲ್ಲುತ್ತಿತ್ತು, ಯಾವ ಸಾಲನ್ನು ಹೊಡೆದು ಹಾಕುತ್ತಿತ್ತು? ಅಂಥ ಐದು ನಿಮಿಷ ಯಾರಾದರೂ ತೋರಿಸಿದರೆ ಅವರ ಬಗ್ಗೆ ಮಾಡುವ ಭಾಷಣಗಳನ್ನೆಲ್ಲ ಬಿಟ್ಟು ನೋಡುತ್ತೇನೆ.

ಚಿತ್ರದ ಕೊನೆ ಹತ್ತಿರ ಬರುವ ಒಂದು ದೃಶ್ಯವನ್ನು ಎರಡು ಸಲ ಹಾಕಿಸಿ ನೋಡಿದೆ. ಗ್ರೇಸ್ ಕೊನೇ ಗಳಿಗೆಯಲ್ಲಿ ಒಂದು ಚಿತ್ರವನ್ನು ಮತ್ತೆ ತೆಗೆಸಬೇಕು. ಸಾಕ್ಷ್ಯಚಿತ್ರದ ಕ್ಯಾಮೆರಾಮನ್ನನ್ನೇ ಎಳೆದು ರೂಪದರ್ಶಿಯ ಜೊತೆ ನೆಗೆಯಲು ಹೇಳುತ್ತಾರೆ. ಆತ ಕ್ಯಾಮೆರಾ ಹಿಡಿದುಕೊಂಡೇ ನೆಗೆಯುತ್ತಾನೆ. ನಮ್ಮ ನಿಮ್ಮ ಮನೆಯವರಂತೆ ಕೊಂಚ ಹೊಟ್ಟೆ ಇರುವ ಮನುಷ್ಯ. ಆನಾ ಫೋಟೊ ನೋಡಿ, ನೀನು ಜಿಮ್ಮಿಗೆ ಹೋಗಬೇಕು ಅನ್ನುತ್ತಾರೆ. ಹೊಟ್ಟೆಯನ್ನು ಕಂಪ್ಯೂಟರಿನಲ್ಲಿ ಸವರುವ ಮಾತು ಬರುತ್ತದೆ. ಗ್ರೇಸ್ ಕೂಡಲೇ ಫೋನು ಮಾಡಿ, ಆ ಹೊಟ್ಟೆಯನ್ನು ಯಾರೂ ಮುಟ್ಟಕೂಡದು ಎಂದು ತಾಕೀತು ಮಾಡುತ್ತಾರೆ. ರೂಪದರ್ಶಿಗಳು ತಿದ್ದಿ ತೀಡಿದ ಹಾಗಿದ್ದರೆ ಸಾಕು, ಎಲ್ಲರೂ ಹಾಗಿರಬೇಕಾಗಿಲ್ಲ ಅನ್ನುವುದು ಅವರ ವಾದ. ಕೊನೆಗೆ ಲೆಕ್ಕ ಹಾಕಿದರೆ ಆ ಸಂಚಿಕೆಯ ಒಳ್ಳೆಯ ಪುಟಗಳೆಲ್ಲ ಗ್ರೇಸ್ ಅವರವೇ.

ಮಾರನೇ ಬೆಳಿಗ್ಗೆ ನೆಂಟರು ದೇವಸ್ಥಾನದ ಸಾಲಿಗೆ ಹೊರಟರು, ನಾನು ಕರಡು ಹಿಡಿದು ಮೇಷ್ಟ್ರ ಮನೆಗೆ ಹೊರಟೆ. ಎನ್.ಆರ್. ವೃತ್ತದ ಕಡೆ ಜನ, ಬ್ಯಾರಿಕೇಡು. ಆಟೋದವನು ಸುತ್ತಿ ಬಳಸಿ ಸಾಲಗಾಮೆ ರಸ್ತೆಗೆ ತಂದು ಬಿಟ್ಟು ದುಪ್ಪಟ್ಟು ಕೇಳಿದ. ಮೇಷ್ಟ್ರಿಗೆ ಎಪ್ಪತ್ತೆಂಟು ದಾಟಿದೆ. ಜಗಲಿಯಲ್ಲಿ ಅವರೇಕಾಯಿ ಸುಲಿಯುತ್ತಿದ್ದರು.

'ಸಾರ್, ಹದಿನಾಲ್ಕು ಪುಟ ಆಗಿದೆ. ನಾಲ್ಕಕ್ಕೆ ಇಳಿಸಬೇಕು' ಅಂದೆ. ಕೂರುವುದಕ್ಕೂ ಮೊದಲೇ ಅಂದೆ. ಕೂತರೆ ಬಾಯಿ ಬರುವುದಿಲ್ಲ ಎಂದು ನನಗೆ ಗೊತ್ತು.

ಮೇಷ್ಟ್ರು ಕನ್ನಡಕ ಏರಿಸಿ ನನ್ನನ್ನು ನೋಡಿದರು. 'ಅಷ್ಟೇ ತಾನೆ? ಕೊಡಮ್ಮ ಇಲ್ಲಿ. ಕೆಂಪು ಪೆನ್ ಇದ್ಯಾ?'

ಮುಖ್ಯೋಪಾಧ್ಯಾಯರ ಪಟ್ಟಿ ಹೋಯಿತು. ಹೆಂಚು, ಕಲ್ಲು, ಗಾಡಿ, ಎಲ್ಲ ಹೋಯಿತು. ನಲವತ್ತು ನಿಮಿಷದಲ್ಲಿ ನಾನು ಎರಡು ರಾತ್ರಿ ಹೆದರಿದ್ದ ಕೆಲಸ ಮುಗಿಸಿ ಕೈಗೆ ಕೊಟ್ಟರು. ತಿರುವಿ ಹಾಕಿದರೆ ಒಂಬತ್ತನೇ ಪುಟಕ್ಕೂ ಅಡ್ಡಗೆರೆ. ನಾನು ಇಡೀ ಬರಹದಲ್ಲಿ ಇಷ್ಟಪಟ್ಟದ್ದು ಅದೊಂದನ್ನೇ.

ಹೈಸ್ಕೂಲಿಗೆ ಮೊದಮೊದಲು ಸ್ವಂತ ಕಟ್ಟಡವಿರಲಿಲ್ಲ, ಪ್ರೈಮರಿ ಶಾಲೆಯ ಎರಡು ಕೋಣೆಯಲ್ಲಿ ನಡೆಯುತ್ತಿತ್ತು. ಪ್ರೈಮರಿ ಮಕ್ಕಳಿಗೆ 'ಕೇರ್' ಎಂಬ ನೆರವು ಸಂಸ್ಥೆಯ ಉಪ್ಪಿಟ್ಟು ಕೊಡುತ್ತಿದ್ದರು, ಅಮೆರಿಕದಿಂದ ಬಂದ ರವೆಯ ಹಳದಿ ಉಪ್ಪಿಟ್ಟು. ಹೈಸ್ಕೂಲಿನವರಿಗೆ ಅದಿಲ್ಲ. ಎಂಟನೇ ಕ್ಲಾಸಿನ ಒಬ್ಬ ಹುಡುಗ ಪಾತ್ರೆ ತೊಳೆದುಕೊಡುತ್ತೇನೆ ಎಂದು ಅಡುಗೆ ಕೋಣೆಯ ಹಿಂದೆ ನಿಲ್ಲುತ್ತಿದ್ದ. ಸುಳ್ಳಲ್ಲ, ತೊಳೆಯುತ್ತಿದ್ದ. ತೊಳೆಯುವ ಮೊದಲು ಪಾತ್ರೆಯ ತಳ ಕೆರೆದು ತಿನ್ನುತ್ತಿದ್ದ. 'ನಾನು ಹಾಜರಿ ಪುಸ್ತಕ ಹಿಡಿದು, ನೋಡದವನ ಹಾಗೆ ಆಚೆ ಹೋಗುತ್ತಿದ್ದೆ' ಎಂದು ಮೇಷ್ಟ್ರು ಬರೆದಿದ್ದರು.

'ಇದ್ಯಾಕೆ ಸಾರ್ ತೆಗೆದ್ರಿ?'

'ಸುವರ್ಣ ಮಹೋತ್ಸವದಲ್ಲಿ ಹಸಿವಿನ ಮಾತು ಯಾಕಮ್ಮ. ಆ ಹುಡುಗ ಈಗ ಮೊಮ್ಮಕ್ಕಳ ಕೈ ಹಿಡ್ಕಂಡು ಬರ್ತಾನೆ, ಮೊದಲನೇ ಸಾಲಲ್ಲಿ ಕೂರ್ತಾನೆ.'

ಯಾರು ಎಂದು ಕೇಳಿದೆ. ಅವರೇಕಾಯಿ ಸುಲಿಯತೊಡಗಿದರು. ಹಿಂದಕ್ಕೆ ಬರುವಾಗ ಆಟೋದಲ್ಲಿ ಕಮಿಟಿಯ ಒಬ್ಬೊಬ್ಬರ ಮುಖವನ್ನೂ ಆ ಪಾತ್ರೆಯ ಮೇಲೆ ಇಟ್ಟು ನೋಡಿದೆ, ಆಮೇಲೆ ನಾಚಿಕೆಯಾಗಿ ಬಿಟ್ಟೆ.

ಮನೆಗೆ ಬಂದು ಒಂಬತ್ತನೇ ಪುಟವನ್ನು ಮಗಳ ಕೈಗೆ ಕೊಟ್ಟೆ. ಓದಿ, 'ಕ್ಯಾಮೆರಾಮನ್ ಹೊಟ್ಟೆ' ಅಂದಳು, ಅಷ್ಟೇ. ಮುಖಪುಟಕ್ಕೆ ಕಮಿಟಿ ಕೊಟ್ಟಿದ್ದ ಐದು ಫೋಟೊ ಮತ್ತು ಸರಸ್ವತಿಯ ಚಿತ್ರವನ್ನೂ ಅವಳಿಗೇ ಒಪ್ಪಿಸಿದೆ. ಸಂಜೆಯ ಹೊತ್ತಿಗೆ ಶಾಲೆಯ ಹಳೇ ಬಾಗಿಲು ಒಂದೇ ಉಳಿದಿತ್ತು. ಅಧ್ಯಕ್ಷರಿಗೆ ಏನು ಹೇಳುವುದು ಅಂದರೆ, 'ಸಂಪಾದಕರು ಬೇಡ ಅಂದ್ರು ಅಂತ ಹೇಳು' ಅಂದಳು.

ಉಪ್ಪಿಟ್ಟಿನ ಭಾಗವನ್ನು ಸೇರಿಸಿ ಪ್ರೆಸ್ಸಿಗೆ ಕಳಿಸಿದೆ. ಪುಟ 47ಕ್ಕೆ ಬಂತು. ಸೇರಿಸಿದ್ದೇನೋ ಆಯಿತು, ರಾತ್ರಿ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಏಳಕ್ಕೇ ಫೋನು ಮಾಡಿ ಒಪ್ಪಿಕೊಂಡೆ. ಬೇಡ ಅಂದರೆ ತೆಗೆಸಿಬಿಡುತ್ತೇನೆ ಸಾರ್, ಅಂದೆ. ಆ ಕಡೆ ಬಹಳ ಹೊತ್ತು ಮಾತಿಲ್ಲ.

'ಹೆಸರು ಹಾಕಿಲ್ಲ ತಾನೆ?'

'ಇಲ್ಲ ಸಾರ್. ನೀವೇ ಬರೆದಿರಲಿಲ್ಲ.'

'ಹಂಗಾದ್ರೆ ಇರ್ಲಿ. ತಳ ಕೆರೆದು ಅಂತ ಇದ್ಯಲ್ಲ, ಅದನ್ನ ಸೀದ ತಳ ಅಂತ ಮಾಡು. ಸೀದಿರ್ತಿತ್ತು ಅದು.'

ಪ್ರೆಸ್ಸಿಗೆ ಫೋನು ಹಚ್ಚಿದೆ. ಹುಡುಗ ಆಗಲೇ ಬಂದಿದ್ದ. 'ಮೂರನೇ ಫಾರಂ ಪ್ಲೇಟ್ ಹಾಕಿಬಿಟ್ವಿ ಮೇಡಂ. ಒಂದ್ ಅಕ್ಷರ ಬದಲಾಯಿಸಿದ್ರೂ ಹೊಸ ಪ್ಲೇಟೇ.'

'ಎಷ್ಟಾಗುತ್ತಪ್ಪ ಒಂದು ಪ್ಲೇಟಿಗೆ?'

'ಮುನ್ನೂರೈವತ್ತು.'

'ಹಾಕಪ್ಪ. ಕಮಿಟಿ ಲೆಕ್ಕಕ್ಕಲ್ಲ, ನನ್ನ ಹೆಸರಿಗೆ ಬರ್ಕೋ.'